ಪಾಠ ಮುಗಿಯಿತು, ಮಕ್ಕಳು ಕಲಿತದ್ದೆಷ್ಟು?

ಈ ವರ್ಷ ಶಾಲೆಗೆ ಹೊಸದಾಗಿ ಬಂದಿರುವ ಪ್ರಾಥಮಿಕ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಹೊಸ ಶಿಕ್ಷಕ ಮಿತ್ರರೇ,

ಡಿ.ಇಎಲ್.ಇಡಿ. ಅಥವಾ ಬಿ.ಇಡಿ. ಮುಗಿಸಿ, ಟಿ.ಇ.ಟಿ. ಪಾಸಾಗಿ, ನೇಮಕಾತಿ ಪರೀಕ್ಷೆ, ದಾಖಲೆ ಪರಿಶೀಲನೆ, ಕೌನ್ಸೆಲಿಂಗ್ ಎಲ್ಲವನ್ನೂ ದಾಟಿ ನೀವು ಒಂದು ಶಾಲೆ ಸೇರಿದ್ದೀರಿ. ಟಿ.ಇ.ಟಿ.ಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ ಮೀಸಲು. ಆ 30 ಅಂಕಕ್ಕಾಗಿ ಪಾವ್‌ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ, ಸ್ಕಿನ್ನರನ ಇಲಿ ಎಂದು ನೀವೆಲ್ಲ ಬಾಯಿಪಾಠ ಮಾಡಿದವರೇ. ಯಾರ ಪ್ರಯೋಗಕ್ಕೆ ಯಾವ ಪ್ರಾಣಿ ಎಂದು ಗೊತ್ತಿದ್ದರೆ ಸರಿಯುತ್ತರಕ್ಕೆ ಗುರುತು ಹಾಕಬಹುದು. ಆದರೆ ಮೂವತ್ತು ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಮೊದಲ ವಾರದಲ್ಲೇ, ಆ ಪ್ರಾಣಿಗಳಲ್ಲಿ ಒಂದೂ ನಮ್ಮ ನೆರವಿಗೆ ಬರುವುದಿಲ್ಲ ಎಂದು ನಿಮಗೆ ಅನ್ನಿಸಿರಬೇಕು.

ಹಾಗೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ನಮ್ಮ ತರಬೇತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನ ಒಂದು ಪತ್ರಿಕೆಯಾಗಿ ಉಳಿದಿದೆಯೇ ಹೊರತು ಕಸುಬಿನ ತಿಳಿವಳಿಕೆಯಾಗಿ ಇಳಿದಿಲ್ಲ. ಶಿಕ್ಷಕರ ತರಬೇತಿಯ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಮಾತು: ಪಾಠ ಮಾಡಿ ಮುಗಿಸುವುದು ಒಂದು ಸಂಗತಿ, ಮಕ್ಕಳು ಕಲಿಯುವುದು ಬೇರೆಯೇ ಸಂಗತಿ. ಇವೆರಡರ ನಡುವೆ ಎಷ್ಟು ಅಂತರವಿದೆ ಎಂದು ದಿನದಿನವೂ ಕಂಡುಕೊಳ್ಳುವುದು ಶಿಕ್ಷಕರ ಕೆಲಸ. ಸುಮಾರು ನೂರೈವತ್ತು ವರ್ಷಗಳ ಸಂಶೋಧನೆ ಆ ಕೆಲಸಕ್ಕೆ ಬೇಕಾದ ಒಳ್ಳೆಯ ಸಲಕರಣೆಗಳನ್ನು ಕೊಟ್ಟಿದೆ.

ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿಮಾಡುವ ಸೇತುಬಂಧದಿಂದಲೇ ಶುರುಮಾಡೋಣ. ಜೂನ್‌ನಲ್ಲಿ ಐದನೇ ತರಗತಿಗೆ ಹೋಗಿ ನೈದಾನಿಕ ಪರೀಕ್ಷೆ ಕೊಡುತ್ತೀರಿ. ಅರ್ಧಕ್ಕರ್ಧ ಮಕ್ಕಳಿಗೆ ನಾಲ್ಕನೇ ತರಗತಿಯ ಭಾಗಾಕಾರ ಬರುವುದಿಲ್ಲ. ‘ಹಿಂದಿನ ಮೇಷ್ಟ್ರು ಏನೂ ಕಲಿಸಿಲ್ಲ’ ಎಂಬ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಹೈಸ್ಕೂಲಿನವರು ಪ್ರಾಥಮಿಕ ಶಾಲೆಯವರನ್ನು, ಕಾಲೇಜಿನವರು ಹೈಸ್ಕೂಲಿನವರನ್ನು ದೂರುವುದೂ ಹೀಗೆಯೇ. ಹಿಂದಿನ ಮೇಷ್ಟ್ರು ಕಲಿಸಿರುವ ಸಾಧ್ಯತೆಯೇ ಹೆಚ್ಚು. ಮಕ್ಕಳು ಮರೆತಿದ್ದಾರೆ, ಅಷ್ಟೆ.

ಮರೆವನ್ನು ಮೊದಲು ಅಳತೆ ಮಾಡಿ ನೋಡಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ಮಾಡಿಕೊಂಡು, ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಅವನ ಅಳತೆಯ ಕ್ರಮ ಗಮನಿಸುವಂಥದ್ದು. ‘ಎಷ್ಟು ನೆನಪಿದೆ’ ಎಂದು ಕೇಳುವ ಬದಲು ‘ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು’ ಎಂದು ಅವನು ಲೆಕ್ಕ ಹಾಕಿದ. ಇಪ್ಪತ್ತು ನಿಮಿಷದ ಬಳಿಕ ಸುಮಾರು ಶೇ 58, ಒಂದು ದಿನದ ಬಳಿಕ ಶೇ 34, ಒಂದು ತಿಂಗಳ ಬಳಿಕ ಶೇ 21 ಉಳಿತಾಯ ಕಂಡಿತು. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೂ ಮರೆವಿನ ಗೆರೆ ಇಳಿಯುವ ರೀತಿ ಅದೇ: ಮೊದಲ ಒಂದೆರಡು ದಿನಗಳಲ್ಲಿ ಭರ್ರನೆ, ಆಮೇಲೆ ನಿಧಾನಕ್ಕೆ. 2015ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಅದೇ ಗೆರೆ ಬಂದಿದೆ.

ಇದರಲ್ಲಿ ಶಿಕ್ಷಕರಿಗೆ ಎರಡು ಪಾಠಗಳಿವೆ. ಮೊದಲನೆಯದು, ಮರೆಯುವುದು ದಡ್ಡತನದ ಗುರುತಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮುಂದಿರುವ ಮಗುವೂ ಮರೆಯುತ್ತದೆ. ಎರಡನೆಯದು, ಮರೆತದ್ದು ಪೂರ್ತಿ ಅಳಿಸಿಹೋಗಿರುವುದಿಲ್ಲ. ತಿಂಗಳ ಮೇಲೂ ಐದನೇ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ ಎಂದರೆ, ಎರಡನೇ ಸಲ ಕಲಿಸುವುದು ಮೊದಲ ಸಲಕ್ಕಿಂತ ಹಗುರ, ಮೂರನೇ ಸಲ ಇನ್ನೂ ಹಗುರ. ಸೇತುಬಂಧವನ್ನು ಜೂನ್‌ನ ವಿಧಿಯಾಗಿ ಮುಗಿಸಿ, ಸಾಫಲ್ಯ ಪರೀಕ್ಷೆಯ ಅಂಕ ತುಂಬಿಸಿ, ಕಡತ ಕಪಾಟಿಗಿಟ್ಟರೆ ಈ ಅನುಕೂಲ ಕೈಬಿಟ್ಟು ಹೋಗುತ್ತದೆ. ವರ್ಷವಿಡೀ ದಿನಕ್ಕೆ ಐದು ನಿಮಿಷ ಹಳೆಯ ಪಾಠಕ್ಕೆ ತೆಗೆದಿಡಿ: ನಿನ್ನೆಯದು ಒಂದು ಪ್ರಶ್ನೆ, ಕಳೆದ ವಾರದ್ದು ಒಂದು, ಕಳೆದ ತಿಂಗಳದ್ದು ಒಂದು. ಇಡೀ ವಾರದ ಅಭ್ಯಾಸವನ್ನು ಒಂದೇ ಮಧ್ಯಾಹ್ನ ತುರುಕುವುದಕ್ಕಿಂತ ಬಿಡಿಬಿಡಿಯಾಗಿ ಹಂಚುವುದು ಮೇಲು ಎಂಬುದು ಕಲಿಕೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಸಾಬೀತಾದ ಸಂಗತಿ.

ಆ ಐದು ನಿಮಿಷ ಹೇಗೆ ಕಳೆಯಬೇಕು ಎಂಬುದು ಇನ್ನೂ ಮುಖ್ಯ. ನೀವೇ ಹಳೆಯ ಪಾಠವನ್ನು ಇನ್ನೊಮ್ಮೆ ಹೇಳಿದರೆ ಪ್ರಯೋಜನ ಕಡಿಮೆ. ಮಕ್ಕಳು ಪುಸ್ತಕ ಮುಚ್ಚಿ ತಾವೇ ನೆನೆದು ಹೇಳಬೇಕು, ಬರೆಯಬೇಕು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಶೇ 83, ಬರೆದವರದು ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುವುಮುರುವಾಯಿತು: ಓದಿದವರದು ಶೇ 40, ನೆನೆದು ಬರೆದವರದು ಶೇ 61. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ಭರವಸೆ ಇಟ್ಟುಕೊಂಡಿದ್ದವರು ಮಾತ್ರ ನಾಲ್ಕು ಸಲ ಓದಿದವರೇ.

ಈ ಕೊನೆಯ ಸಂಗತಿಯನ್ನು ಮನಸ್ಸಿನಲ್ಲಿಡಿ. ಓದುತ್ತಾ ಹೋದರೆ ಪಾಠ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. ತರಗತಿಯಲ್ಲಿ ‘ಅರ್ಥ ಆಯ್ತಾ ಮಕ್ಕಳೇ?’ ಎಂದು ಕೇಳಿದಾಗ ‘ಆಯ್ತು ಮಿಸ್’ ಎಂದು ಒಕ್ಕೊರಲಿನಲ್ಲಿ ಬರುವ ಉತ್ತರವೂ ಇಂಥದ್ದೇ. ಮಕ್ಕಳು ಸುಳ್ಳು ಹೇಳುತ್ತಿಲ್ಲ, ಆ ಕ್ಷಣಕ್ಕೆ ಅರ್ಥವಾದಂತೆ ಅವರಿಗೆ ನಿಜವಾಗಿಯೂ ಅನ್ನಿಸಿದೆ. ಅದನ್ನು ನಂಬಿ ಮುಂದಿನ ಪಾಠಕ್ಕೆ ಹೋದರೆ ಪೋರ್ಷನ್ ಮುಗಿಯುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ಅದರ ಬದಲು ಎಲ್ಲರ ಕೈಗೂ ಸ್ಲೇಟು ಕೊಡಿ. ಒಂದು ಪ್ರಶ್ನೆ ಕೇಳಿ, ಎಲ್ಲರೂ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. ಅಂಕ ಬೇಡ, ಕೆಂಪು ಶಾಯಿ ಬೇಡ, ಯಾವ ವಹಿಯಲ್ಲೂ ದಾಖಲಿಸುವುದು ಬೇಡ. ಮೂವತ್ತು ಸ್ಲೇಟಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ನಿಮ್ಮ ಪಾಠ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯುತ್ತದೆ. ರೂಪಣಾತ್ಮಕ ಮೌಲ್ಯಮಾಪನ ಎಂಬ ಹೆಸರಿನಲ್ಲಿ ನಾವು ತುಂಬುವ ನಮೂನೆಗಳೆಲ್ಲದರ ಮೂಲ ಉದ್ದೇಶ ಇಷ್ಟೇ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿಯಬೇಕು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುವುದು ಕಂಡಿತು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾದರು, ಸದಾ ಸುಮ್ಮನಿರುವ ಮಕ್ಕಳೂ ಬಾಯಿಬಿಟ್ಟರು. ನಮ್ಮಲ್ಲಿ ಮುಂದಿನ ಸಾಲಿನ ನಾಲ್ಕು ಮಕ್ಕಳು ಕೈ ಎತ್ತಿದೊಡನೆ ಅವರಲ್ಲೊಬ್ಬರನ್ನು ಕೇಳಿ ಮುಂದೆ ಸಾಗುವುದು ರೂಢಿ. ಯೋಚಿಸಲು ಹೊರಟಿದ್ದ ಇಪ್ಪತ್ತಾರು ಮಕ್ಕಳು ಅಲ್ಲಿಗೆ ಯೋಚನೆ ಬಿಡುತ್ತಾರೆ.

ಗಣಿತ ಕಲಿಸುವವರಿಗೆ ಇನ್ನೊಂದು ಮಾತು. ನಮ್ಮ ಪಠ್ಯಪುಸ್ತಕದ ಅಭ್ಯಾಸಗಳು ಸಾಮಾನ್ಯವಾಗಿ ಒಂದೇ ಜಾತಿಯ ಲೆಕ್ಕಗಳಿಂದ ತುಂಬಿರುತ್ತವೆ. ಸಂಕಲನದ ಪಾಠದ ಕೆಳಗೆ ಇರುವುದೆಲ್ಲ ಸಂಕಲನವೇ. ಕೂಡಬೇಕೋ ಕಳೆಯಬೇಕೋ ಎಂದು ಮಗು ಯೋಚಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿದ ಲೆಕ್ಕಗಳು, ಇನ್ನೊಂದಕ್ಕೆ ಎಲ್ಲ ಬಗೆಗಳೂ ಬೆರೆತ ಲೆಕ್ಕಗಳು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿದ ಗುಂಪು ಶೇ 89 ಸರಿ ಮಾಡಿತು, ಬೆರೆಸಿದ್ದು ಶೇ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನದು ಶೇ 20ಕ್ಕೆ ಕುಸಿಯಿತು, ಬೆರೆಸಿದ ಗುಂಪು ಶೇ 63ರಲ್ಲಿ ನಿಂತಿತು. ಹೊಸ ಲೆಕ್ಕ ಕಲಿಸುವ ದಿನ ಒಂದೇ ಬಗೆಯವು ಇರಲಿ. ಎರಡು ದಿನ ಕಳೆದ ಮೇಲೆ ಹಳೆಯವನ್ನೂ ಹೊಸವನ್ನೂ ಕಲಸಿ ಕೊಡಿ. ಮಕ್ಕಳು ತಡವರಿಸುತ್ತಾರೆ, ಕಂಗಾಲಾಗಬೇಡಿ. ಕ್ಯಾಲಿಫೋರ್ನಿಯಾದ ರಾಬರ್ಟ್ ಬ್ಯೋರ್ಕ್ ಇಂಥದ್ದನ್ನು ‘ಬೇಕಾದ ಕಷ್ಟ’ ಎಂದು ಕರೆದಿದ್ದಾರೆ. ಕಲಿಯುವಾಗ ಸಲೀಸಾಗಿ ಕಂಡದ್ದೆಲ್ಲ ಉಳಿಯುವುದಿಲ್ಲ, ತಡವರಿಸಿ ಕಲಿತದ್ದು ಗಟ್ಟಿಯಾಗುವುದು ಹೆಚ್ಚು.

ಇನ್ನು ಇಂಪೋಸಿಷನ್. ತಪ್ಪಾದ ಪದವನ್ನು ಐವತ್ತು ಸಲ ಬರೆಸುವ ಪದ್ಧತಿಗೆ ಕೆಲವರು ಥಾರ್ನ್‌ಡೈಕನ ಅಭ್ಯಾಸ ನಿಯಮದ ಆಧಾರ ಕೊಡುತ್ತಾರೆ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂಬ ಮೂರನ್ನು ನೀವೂ ಓದಿದ್ದೀರಿ. ಅವುಗಳಲ್ಲಿ ಎರಡನ್ನು ಥಾರ್ನ್‌ಡೈಕನೇ ಮುಂದೆ ತಿದ್ದಿಕೊಂಡ ಎಂಬುದು ನಮ್ಮ ಗೈಡುಗಳಲ್ಲಿ ಅಪರೂಪಕ್ಕೂ ಕಾಣುವುದಿಲ್ಲ. 1930ರ ಆಸುಪಾಸಿನಲ್ಲಿ ಅವನು ಜನರ ಕಣ್ಣು ಮುಚ್ಚಿಸಿ, ನಾಲ್ಕು ಅಂಗುಲದ ಗೆರೆಯನ್ನು ಸಾವಿರಾರು ಸಲ ಎಳೆಸಿದ. ಎಳೆದದ್ದು ಸರಿಯೋ ತಪ್ಪೋ ಎಂದು ಹೇಳಲಿಲ್ಲ. ಅಷ್ಟು ಎಳೆದರೂ ಕೈ ಕುದುರಲಿಲ್ಲ. ಬರೀ ಪುನರಾವರ್ತನೆಯಿಂದ ಕಲಿಕೆ ಆಗದು, ಮಾಡಿದ್ದರ ಫಲ ಏನೆಂದು ತಿಳಿಯಬೇಕು ಎಂದು ಅವನು ಒಪ್ಪಿಕೊಂಡ. ಬಹುಮಾನ ನಡವಳಿಕೆಯನ್ನು ಬಲಪಡಿಸಿದಷ್ಟು ಖಚಿತವಾಗಿ ದಂಡನೆ ಅದನ್ನು ದುರ್ಬಲಗೊಳಿಸುವುದಿಲ್ಲ ಎಂಬುದನ್ನೂ ಆಗಲೇ ಹೇಳಿದ. ಐವತ್ತು ಸಲ ಬರೆಯುವ ಮಗು ಹತ್ತನೇ ಸಲದ ಹೊತ್ತಿಗೆ ಪದವನ್ನು ಬಿಟ್ಟು ಬರೀ ಗೆರೆ ಎಳೆಯುತ್ತಿರುತ್ತದೆ. ಅದೇ ಪದವನ್ನು ಇಂದು ಒಮ್ಮೆ, ನಾಳೆ ಒಮ್ಮೆ, ಮುಂದಿನ ವಾರ ಒಮ್ಮೆ ನೋಡದೆ ಬರೆಸಿ, ತಕ್ಷಣ ತಾನೇ ತಾಳೆ ನೋಡಿಕೊಳ್ಳಲು ಬಿಡಿ. ನಾಲ್ಕಾರು ಸಲದಲ್ಲಿ ಮುಗಿಯುವ ಕೆಲಸ ಅದು.

ತಪ್ಪಿನ ಬಗ್ಗೆ ಇನ್ನಷ್ಟು ಹೇಳಬೇಕಿದೆ. ಜೀನ್ ಪಿಯಾಜೆಯ ನಾಲ್ಕು ಹಂತಗಳನ್ನು ವಯಸ್ಸಿನ ಸಮೇತ ನೀವು ಒಪ್ಪಿಸಬಲ್ಲಿರಿ. ಆ ಸಿದ್ಧಾಂತ ಹುಟ್ಟಿದ್ದು ಹೇಗೆ ಎಂಬುದು ನಮ್ಮ ಕಸುಬಿಗೆ ಹೆಚ್ಚು ಹತ್ತಿರದ ಕತೆ. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆಯ ಪ್ರಶ್ನೆಗಳನ್ನು ಕೇಳುವ ಕೆಲಸ ಅವನ ಪಾಲಿಗೆ ಬಂತು. ಸರಿಯುತ್ತರ ಎಣಿಸುವುದು ಅವನ ಕೆಲಸ. ಅವನ ಗಮನ ಹರಿದದ್ದು ತಪ್ಪುತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಾರೆ, ಅವುಗಳ ಹಿಂದೊಂದು ತರ್ಕವಿದೆ ಎಂದು ಅವನಿಗೆ ಹೊಳೆಯಿತು. ಹಂತಗಳ ವಯೋಮಿತಿಯ ಬಗ್ಗೆ ಮುಂದೆ ಬಹಳ ತಕರಾರು ಬಂದಿವೆ. ತಪ್ಪಿಗೂ ತರ್ಕವಿದೆ ಎಂಬ ಕಾಣ್ಕೆ ಮಾತ್ರ ಉಳಿದುಕೊಂಡಿದೆ.

ಎರಡನೇ ತರಗತಿಯ ಮಗು 52ರಲ್ಲಿ 38 ಕಳೆದು 26 ಎಂದು ಬರೆಯುತ್ತದೆ. ನಾವು ತಪ್ಪು ಗುರುತು ಹಾಕಿ ‘ಗಮನ ಕೊಡು’ ಎನ್ನುತ್ತೇವೆ. ಮಗು ಗಮನ ಕೊಟ್ಟೇ ಮಾಡಿದೆ. ಬಿಡಿ ಸ್ಥಾನದಲ್ಲಿ 8 ಮತ್ತು 2, ದೊಡ್ಡದರಿಂದ ಚಿಕ್ಕದನ್ನು ಕಳೆದರೆ 6. ಹತ್ತರ ಸ್ಥಾನದಲ್ಲಿ 5 ಮತ್ತು 3, ಕಳೆದರೆ 2. ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದೆ ನಾವೇ ಹೇಳಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ವ್ಯವಕಲನದ ಇಂಥ ತಪ್ಪು ವಿಧಾನಗಳನ್ನು ಪಟ್ಟಿಮಾಡಿ, ಬಹಳಷ್ಟು ಮಕ್ಕಳ ತಪ್ಪುಗಳು ಅಡ್ಡಾದಿಡ್ಡಿಯಾಗಿರುವುದಿಲ್ಲ, ಒಂದು ನಿಯಮವನ್ನು ಅನುಸರಿಸುತ್ತವೆ ಎಂದು ತೋರಿಸಿದರು. ನೂರ ಇಪ್ಪತ್ತಾರನ್ನು 100206 ಎಂದು ಬರೆಯುವ ಮಗುವಿನದೂ ಇದೇ ಕತೆ: ಕಿವಿಗೆ ನೂರು, ಇಪ್ಪತ್ತು, ಆರು ಎಂದು ಬಿದ್ದದ್ದನ್ನು ಸಾಲಾಗಿ ಬರೆದಿಟ್ಟಿದೆ. ಸ್ಥಾನಬೆಲೆ ಇನ್ನೂ ಕೂತಿಲ್ಲ ಎಂದು ಅದರ ಉತ್ತರವೇ ಹೇಳುತ್ತಿದೆ. ‘ಇದು ಹೇಗೆ ಬಂತು, ಹೇಳು ಪುಟ್ಟ’ ಎಂದು ಕೇಳುವುದು ಹತ್ತು ಪರಿಹಾರ ಬೋಧನೆಯ ಅವಧಿಗಳಿಗೆ ಸಮ. ಯಾವುದಕ್ಕೆ ಪರಿಹಾರ ಬೇಕು ಎಂದು ತಿಳಿಯುವ ದಾರಿ ಅದೊಂದೇ.

ಓದು ಕಲಿಸುವವರಿಗೆ ಕನ್ನಡದ್ದೇ ಆದ ಒಂದು ವಿಚಾರವಿದೆ. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಕಲಿತರೆ ಆ ಲಿಪಿಯ ಚಿಹ್ನೆಗಳು ಮುಗಿದವು, ಕಾಗುಣಿತದ ತೊಡಕು ಆಮೇಲೆ. ಕನ್ನಡದಲ್ಲಿ ಉಚ್ಚಾರ ನೇರ, ಆದರೆ ಚಿಹ್ನೆಗಳು ಬಹಳ. 34 ವ್ಯಂಜನಗಳಿಗೆ ಗುಣಿತ ಹಚ್ಚಿದರೆ ನಾನೂರು ದಾಟುತ್ತವೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಜ್ಞಾನ ಪೂರ್ತಿಯಾಗಲು ಇಂಗ್ಲಿಷಿನ ಅಕ್ಷರಮಾಲೆಗಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ ಎಂದು ಕಂಡುಬಂತು. ಮೂರನೇ, ನಾಲ್ಕನೇ ತರಗತಿಯಲ್ಲಿ ಒತ್ತಕ್ಷರದಲ್ಲಿ ಎಡವುವ ಮಗು ಹಿಂದೆ ಬಿದ್ದಿರಲೇಬೇಕೆಂದಿಲ್ಲ, ಅದು ಇನ್ನೂ ದಾರಿಯಲ್ಲಿರಬಹುದು. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಅಕ್ಷರ ಕಲಿಸಿಯಾಯಿತು ಎಂದು ಕೈತೊಳೆದುಕೊಳ್ಳುವುದರಿಂದಲೇ ಎಷ್ಟೋ ಮಕ್ಕಳು ಆ ದಾರಿಯಲ್ಲೇ ಉಳಿದುಬಿಡುತ್ತಾರೆ.

ಹೀಗೆ ಎಡವುವ ಮಗುವಿನ ಮನಸ್ಸಿನೊಳಗೆ ಏನಾಗುತ್ತಿದೆ? ಒಂದು ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಲು ಕಡಿಮೆ. ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದ, 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಇದಕ್ಕೆ ಕಾರ್ಯಸ್ಮೃತಿ ಎಂದು ಹೆಸರು. ‘ವಿ... ದ್ಯಾ... ರ್ಥಿ...’ ಎಂದು ಒಂದೊಂದೇ ಅಕ್ಷರ ಬಿಡಿಸಿ ಓದುವ ಮಗುವಿಗೆ ವಾಕ್ಯದ ಕೊನೆ ಮುಟ್ಟುವಾಗ ಮೊದಲ ಪದ ಜಾರಿಹೋಗಿರುತ್ತದೆ. ಅಂಥ ಮಗುವಿಗೆ ‘ಓದಿದ್ದರ ಸಾರಾಂಶ ಹೇಳು’ ಎಂದರೆ ಅದು ಸುಮ್ಮನೆ ನಿಲ್ಲದೆ ಇನ್ನೇನು ಮಾಡೀತು? ಮಗ್ಗಿ ಬಾಯಿಗೆ ಬಂದಿರಬೇಕು, ಓದು ಸರಾಗವಾಗಿರಬೇಕು ಎಂಬ ಹಳೆಯ ಮೇಷ್ಟ್ರುಗಳ ಹಟಕ್ಕೆ ಇಲ್ಲಿ ಸಮರ್ಥನೆಯಿದೆ: ತಾನಾಗಿ ಬರುವ ವಿದ್ಯೆ ಕಾರ್ಯಸ್ಮೃತಿಯಲ್ಲಿ ಜಾಗ ಕೇಳುವುದಿಲ್ಲ, ಉಳಿದ ಜಾಗ ಯೋಚನೆಗೆ ಸಿಗುತ್ತದೆ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1980ರ ದಶಕದಿಂದ ಹೇಳುತ್ತಾ ಬಂದ ಬೌದ್ಧಿಕ ಹೊರೆಯ ಸಿದ್ಧಾಂತದ ತಿರುಳೂ ಇದೇ. ಹೊಸ ವಿಷಯ ಕಲಿಯುವವರಿಗೆ ಮೊದಲು ಬಿಡಿಸಿದ ಮಾದರಿಗಳನ್ನು ತೋರಿಸಿ, ಆಮೇಲೆ ಅರ್ಧ ಬಿಡಿಸಿದ್ದನ್ನು ಕೊಡಿ, ಕೊನೆಗೆ ಪೂರ್ತಿ ಅವರಿಗೇ ಬಿಡಿ. ಮೊದಲ ದಿನವೇ ‘ನೀನೇ ಕಂಡುಹಿಡಿ’ ಎಂದು ಕೈಬಿಟ್ಟರೆ ಕಲಿಯುವುದು ಕಡಿಮೆ, ಬಳಲುವುದು ಹೆಚ್ಚು.

ಅದೇ ಇಕ್ಕಟ್ಟಾದ ಜಾಗಕ್ಕೆ ಭಯವೂ ನುಗ್ಗುತ್ತದೆ. ಗಣಿತದ ಅಂಜಿಕೆ ಕಾರ್ಯಸ್ಮೃತಿಯನ್ನೇ ಕಬಳಿಸುತ್ತದೆ ಎಂದು ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದರು. ಬೋರ್ಡಿನ ಮುಂದೆ ನಿಂತು ಬೈಗುಳ ಕೇಳುತ್ತಿರುವ ಮಗುವಿಗೆ ಗೊತ್ತಿದ್ದದ್ದೂ ಹೊಳೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಬೆತ್ತ ಹಿಡಿಯುವುದು ನಮ್ಮ ಕೆಲಸವನ್ನು ನಾವೇ ಕೆಡಿಸಿಕೊಂಡಂತೆ.

ಲೆವ್ ವೈಗಾಟ್‌ಸ್ಕಿಯ ‘ಸಮೀಪ ವಿಕಾಸದ ವಲಯ’ವನ್ನು ನೀವು ಒಂದು ಅಂಕದ ಪ್ರಶ್ನೆಯಾಗಿ ಓದಿದ್ದೀರಿ. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಿಷ್ಟು, ಬಲ್ಲವರ ನೆರವಿನಿಂದ ಮಾಡಬಲ್ಲದ್ದು ಇನ್ನೊಂದಿಷ್ಟು, ಇವೆರಡರ ನಡುವಿನ ಜಾಗದಲ್ಲೇ ಕಲಿಸುವಿಕೆ ನಡೆಯಬೇಕು. 1934ರಲ್ಲಿ, 37ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ಈ ರಷ್ಯನ್ ಚಿಂತಕನ ಮಾತನ್ನು ಆಚರಣೆಯಲ್ಲಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ನಿಮ್ಮದೇ ಶಾಲೆಯ ನಲಿ-ಕಲಿ ಕೊಠಡಿಗೆ ಹೋಗಿ. ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಕಟ್ಟಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿ, ಮೈಲುಗಲ್ಲು, ಕಾರ್ಡು, ತಟ್ಟೆ ಇವೆಲ್ಲ ನಿಮಗೆ ಗೊತ್ತು. ಆ ಐದು ತಟ್ಟೆಗಳ, ಅಂದರೆ ಗುಂಪುಗಳ, ಕ್ರಮ ಗಮನಿಸಿ: ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಸಹಪಾಠಿಗಳ ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಮಗುವಿನ ಕೈ ಹಿಡಿದು, ಹಿಡಿತ ಸಡಿಲಿಸುತ್ತಾ, ಕಡೆಗೆ ಬಿಟ್ಟುಬಿಡುವ ವ್ಯವಸ್ಥೆ. ವೈಗಾಟ್‌ಸ್ಕಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ನಮ್ಮ ಬಿ.ಇಡಿ. ಪುಸ್ತಕಗಳಲ್ಲಿಲ್ಲ. ಗೈರುಹಾಜರಾದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸುಗ್ಗಿಗೋ ಜಾತ್ರೆಗೋ ವಾರಗಟ್ಟಲೆ ತಪ್ಪಿಸಿಕೊಳ್ಳುವ ಮಕ್ಕಳಿರುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಕಾರ್ಡುಗಳನ್ನು ಬರೀ ಸರದಿಯಂತೆ ದಾಟಿಸಿ ಪ್ರಗತಿನೋಟ ತುಂಬುವ ಕಡೆ ನಲಿ-ಕಲಿಯೂ ಪೋರ್ಷನ್ ಮುಗಿಸುವ ಇನ್ನೊಂದು ವಿಧಾನವಾಗುತ್ತದೆ ಎಂಬುದೂ ಅಷ್ಟೇ ನಿಜ.

ಶಾಲೆಯ ಗೋಡೆ ದಾಟಿದ ಕಲಿಕೆಯನ್ನೂ ನೋಡಬೇಕು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆರೆಜಿನ್ಹಾ ನುನೆಸ್ ಮತ್ತು ಸಂಗಡಿಗರು ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳಿಂದ ಎಳನೀರು, ಹಣ್ಣು ಕೊಳ್ಳುತ್ತಾ ಲೆಕ್ಕ ಕೇಳಿದರು. ಶೇ 98 ಸರಿ. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಅಂಕಿಗಳಲ್ಲಿ ಕೊಟ್ಟಾಗ ಅದೇ ಮಕ್ಕಳದು ಶೇ 37. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ಪ್ರಕಟಿಸಿದ ಫಲಿತಾಂಶವೂ ಹೀಗೆಯೇ ಇದೆ. ಅಲ್ಲಿ ಇನ್ನೊಂದು ಮಗ್ಗುಲೂ ಕಂಡಿತು: ವ್ಯಾಪಾರ ಮಾಡಿ ಗೊತ್ತಿಲ್ಲದ ಶಾಲಾ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಅಂಗಡಿಯ ಲೆಕ್ಕದಲ್ಲಿ ಸೋತರು. ಕಲಿಕೆಯ ವರ್ಗಾವಣೆ ತಾನಾಗಿ ಆಗುವುದಿಲ್ಲ. ಸಂತೆಯಲ್ಲಿ ಅಮ್ಮನ ಜೊತೆ ಸೊಪ್ಪು ಮಾರುವ ಹುಡುಗಿ ನಿಮ್ಮ ತರಗತಿಯಲ್ಲಿದ್ದರೆ ಅವಳನ್ನು ‘ಗಣಿತದಲ್ಲಿ ಹಿಂದೆ’ ಎಂದು ಬರೆಯುವ ಮೊದಲು, ಐದು ಕಟ್ಟಿಗೆ ಎಷ್ಟಾಯಿತು, ನೂರು ಕೊಟ್ಟರೆ ಚಿಲ್ಲರೆ ಎಷ್ಟು ಎಂದು ಕೇಳಿ. ಅವಳು ಬಾಯಿಲೆಕ್ಕದಲ್ಲಿ ಮಾಡಿದ್ದನ್ನೇ ಬೋರ್ಡಿನ ಮೇಲೆ ಬರೆದು ತೋರಿಸಿ. ಆ ಸೇತುವೆ ಕಟ್ಟುವುದು ಶಿಕ್ಷಕರ ಕೈಯಲ್ಲೇ ಇದೆ.

ತರಬೇತಿಗಳಲ್ಲಿ ನಿಮಗೆ ಹೇಳಿರಬಹುದಾದ ಎರಡು ಮಾತುಗಳನ್ನು ನಂಬಬೇಡಿ. ಒಂದು, ಕೆಲವು ಮಕ್ಕಳು ನೋಡಿ, ಕೆಲವರು ಕೇಳಿ, ಕೆಲವರು ಮಾಡಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬುದು. ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು 2008ರಲ್ಲಿ ಲಭ್ಯ ಅಧ್ಯಯನಗಳನ್ನು ಜರಡಿ ಹಿಡಿದಾಗ ಹಾಗೆ ವಿಂಗಡಿಸಿ ಕಲಿಸುವುದರಿಂದ ಲಾಭವಿದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ. ನೋಡುವುದು, ಕೇಳುವುದು, ಮಾಡುವುದು ಎಲ್ಲವೂ ಎಲ್ಲ ಮಕ್ಕಳಿಗೂ ಬೇಕು, ಯಾವುದು ಹೆಚ್ಚು ಎಂಬುದನ್ನು ಪಾಠ ನಿರ್ಧರಿಸಲಿ. ಎರಡು, ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90 ನೆನಪಿರುತ್ತದೆ ಎಂಬ ಪಿರಮಿಡ್ಡು. ಎಡ್ಗರ್ ಡೇಲ್ 1946ರಲ್ಲಿ ಬರೆದ ಅನುಭವ ಶಂಕುವಿನಲ್ಲಿ ಒಂದೇ ಒಂದು ಶೇಕಡಾವಾರೂ ಇಲ್ಲ. ಆ ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದ್ದು.

ಮನೋವಿಜ್ಞಾನಕ್ಕೆ ಮಿತಿಯೂ ಉಂಟು. ಒಂದರಿಂದ ಐದರವರೆಗೆ ಒಬ್ಬರೇ ಶಿಕ್ಷಕರಿರುವ ಶಾಲೆಗೆ ಇನ್ನೊಬ್ಬರನ್ನು ಅದು ಕೊಡಲಾರದು. ಮನೆಯಲ್ಲಿ ಲಂಬಾಣಿ, ತುಳು, ಕೊಂಕಣಿ, ಉರ್ದು ಆಡುವ ಮಗು ಪುಸ್ತಕದ ಕನ್ನಡದ ಮುಂದೆ ತಬ್ಬಿಬ್ಬಾದರೆ ಸ್ಲೇಟಿನ ಪ್ರಶ್ನೆಗಳಷ್ಟೇ ಸಾಲವು, ಆ ಮಗುವಿನ ಮಾತಿಗೆ ತರಗತಿಯಲ್ಲಿ ಜಾಗ ಬೇಕು. ಗುಳೆ ಹೋಗುವ ಕುಟುಂಬದ ಮಗು ಅರ್ಧ ವರ್ಷ ಬಾರದಿದ್ದರೆ ಅದು ಕಾರ್ಯಸ್ಮೃತಿಯ ಸಮಸ್ಯೆಯಲ್ಲ. ಮೇಲಿನಿಂದ ಬರುವ ನಮೂನೆಗಳು, ಸಮೀಕ್ಷೆಗಳು, ಚುನಾವಣೆ ಕೆಲಸ ನಿಮ್ಮ ಬೋಧನೆಯ ಹೊತ್ತನ್ನು ತಿನ್ನುತ್ತವೆ, ಅದನ್ನು ಸಂಘಟಿತರಾಗಿ ಪ್ರಶ್ನಿಸುವ ಹಕ್ಕು ನಿಮಗಿದೆ. ಆದರೆ ತರಗತಿಯ ಬಾಗಿಲು ಮುಚ್ಚಿದ ಮೇಲೆ ಉಳಿಯುವ ನಲವತ್ತು ನಿಮಿಷ ನಿಮ್ಮದು. ಈ ಪತ್ರದಲ್ಲಿ ಹೇಳಿದ್ದರಲ್ಲಿ ಒಂದಕ್ಕೂ ಹಣ ಬೇಡ, ಆದೇಶ ಬೇಡ, ಸ್ಮಾರ್ಟ್ ಬೋರ್ಡೂ ಬೇಡ.

ಕೊನೆಯದಾಗಿ ನನ್ನ ವಿನಂತಿ. ಈ ವರ್ಷ ಮೂರು ಕೆಲಸ ಮಾಡಿ ನೋಡಿ. ಪ್ರತಿದಿನ ಐದು ನಿಮಿಷ ಹಳೆಯ ಪಾಠವನ್ನು ಮಕ್ಕಳಿಂದಲೇ ಹೊರಡಿಸಿ. ಪ್ರತಿದಿನ ಒಂದು ತಪ್ಪುತ್ತರವನ್ನಾದರೂ ‘ಇದು ಹೇಗೆ ಬಂತು’ ಎಂದು ಕೇಳಿ ಪೂರ್ತಿ ಕೇಳಿಸಿಕೊಳ್ಳಿ. ಕಲಿಸಿದ ವಿಷಯವನ್ನು ಒಂದು ವಾರ, ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸದೆ ‘ಆಗಿದೆ’ ಎಂದು ಎಲ್ಲೂ ಬರೆಯಬೇಡಿ. ದಸರಾ ರಜೆ ಮುಗಿಸಿ ಬಂದ ಮೊದಲ ದಿನ ಮಕ್ಕಳ ಸ್ಲೇಟು ನೋಡಿ, ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೀವೇ ತೀರ್ಮಾನಿಸಿ. ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ‘ಪೋರ್ಷನ್ ಎಲ್ಲಿಗೆ ಬಂತು?’ ಎಂದು ಕೇಳಿದರೆ ಪಾಠದ ಸಂಖ್ಯೆಯ ಜೊತೆಗೆ ಎಷ್ಟು ಮಕ್ಕಳಿಗೆ ಬಂತು ಎಂಬುದನ್ನೂ ಹೇಳಿ. ಅಂಥ ಉತ್ತರ ಕೊಡಬಲ್ಲ ಶಿಕ್ಷಕರಷ್ಟೇ ನಮ್ಮ ಶಾಲೆಗಳನ್ನು ಉಳಿಸಬಲ್ಲರು.

ಇಂತಿ,
ನಿಮ್ಮ ಕಸುಬಿನ ಹಿರಿಯ ಒಡನಾಡಿ